ಬರ್ನಿಸ್ಟೌನಿನ ಐಸ್‌ಕ್ರೀಂ ವ್ಯಾನು

ಗ್ಲಾಸ್ಗೋ ನಗರದ ಪೂರ್ವದ ಅಂಚಿನಲ್ಲಿರುವ ಈಸ್ಟರ್‌ಹೌಸ್ ಬಡಾವಣೆ. ಸಂಜೆ ಐದರ ಹೊತ್ತು, ಬಿಡದೆ ಜಿನುಗುವ ಮಳೆ. ಅಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳು ಚಹಾ ಸೋಸುತ್ತಿದ್ದವಳು ತಲೆಯೆತ್ತಿ, "ಅಕ್ಕಾ, ನಿನ್ನ ವ್ಯಾನು ಬಂತು ನೋಡು" ಅಂದಳು. ಬೀದಿಯ ತಿರುವಿನಿಂದ ಕಿಣಿಕಿಣಿ ರಾಗ ಕೇಳಿಸಿತು. ಛತ್ರಿಗೂ ಕಾಯದೆ ಮೆಟ್ಟಿಲಿಳಿದೆ.

ಅಂಥ ಚಳಿಯಲ್ಲಿ ಐಸ್‌ಕ್ರೀಂ ಯಾರಿಗೆ ಬೇಕು? ಆದರೂ ವ್ಯಾನಿನ ಮುಂದೆ ಸಾಲು ಬೆಳೆಯಿತು. ಮನೆಯೊಳಗಿನ ಮೆತ್ತನೆ ಚಪ್ಪಲಿಯಲ್ಲೇ ಬಂದ ಅಜ್ಜಿ ಹಾಲು, ಬ್ರೆಡ್ಡು ಕೊಂಡರು. ಕೆಲಸದ ಬಟ್ಟೆಯಲ್ಲಿದ್ದ ಯುವಕನೊಬ್ಬ ಕಿತ್ತಳೆ ಬಣ್ಣದ ಐರ್ನ್‌ಬ್ರೂ ಪಾನೀಯದ ಬಾಟಲಿಯನ್ನೂ ಆಲೂಗಡ್ಡೆ ಚಿಪ್ಸನ್ನೂ ಒಯ್ದ. ರಾಸ್ಪ್‌ಬೆರಿ ಸಾಸ್ ಸುರಿದ ಕೋನ್ ಕೇಳಿದ್ದು ಒಬ್ಬ ಹುಡುಗ ಮಾತ್ರ. ಕಿಟಕಿಯಲ್ಲಿ ಬಗ್ಗಿ ನಿಂತಿದ್ದ ವ್ಯಾಪಾರಿ ಅಜ್ಜಿಯ ತಮ್ಮನ ಆರೋಗ್ಯ ವಿಚಾರಿಸಿದ, ಯುವಕನನ್ನು ಹಿಂದಿನ ದಿನದ ಫುಟ್‌ಬಾಲ್ ಸೋಲಿಗಾಗಿ ಕೆಣಕಿದ, ಹುಡುಗನಿಗೆ ಚಿಲ್ಲರೆ ಎಣಿಸಿಕೊಟ್ಟ. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ನಮ್ಮ ಹಳ್ಳಿಯ ಅರಳಿಕಟ್ಟೆಗೆ ನಾಲ್ಕು ಚಕ್ರ ಹಚ್ಚಿದರೆ ಹೀಗೆಯೇ ಇದ್ದೀತು. ತೊಯ್ದು ತೊಪ್ಪೆಯಾಗಿ ನಿಂತ ನನಗೆ ಖುಷಿಯೋ ಖುಷಿ. ವರ್ಷಗಳಿಂದ ಪರದೆಯ ಮೇಲೆ ನೋಡುತ್ತಿದ್ದ ಬರ್ನಿಸ್ಟೌನ್ ಕಣ್ಣೆದುರಿಗೇ ಇತ್ತು.

ಬರ್ನಿಸ್ಟೌನ್ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ರಾಬರ್ಟ್ ಫ್ಲಾರೆನ್ಸ್ ಮತ್ತು ಇಯಾನ್ ಕಾನೆಲ್ ಜೊತೆಗೂಡಿ ಬರೆದು ನಟಿಸಿದ ಬಿಬಿಸಿ ಸ್ಕಾಟ್ಲೆಂಡ್‌ನ ಹಾಸ್ಯ ಸರಣಿಯ ಊರು ಅದು. 2009ರಲ್ಲಿ ಒಂದು ಮಾದರಿ ಕಂತು, 2010ರಿಂದ 2012ರವರೆಗೆ ಮೂರು ಸರಣಿ, ಆಮೇಲೆ ಕೆಲವು ವಿಶೇಷ ಕಂತುಗಳು. ಊರಿನ ಹೆಸರು ಕಿವಿಗೆ ಬಿದ್ದರೆ ಗ್ಲಾಸ್ಗೋದ ಡೆನಿಸ್ಟೌನ್ ನೆನಪಾಗುತ್ತದೆ. ಒಂದೊಂದು ಕಿರು ಪ್ರಹಸನವೂ ಆ ಊರಿನ ಒಂದೊಂದು ಓಣಿ ಇದ್ದಂತೆ. ಒಂದರಲ್ಲಿ ಕಂಡವರು ಇನ್ನೊಂದು ಕಂತಿನಲ್ಲಿ ಮತ್ತೆ ಎದುರಾಗುತ್ತಾರೆ. ಕ್ಯಾಮೆರಾದ ಮುಂದೆ ಒಬ್ಬನೇ ನಿಂತು ಲೋಕಕ್ಕೆಲ್ಲ ವಿಡಿಯೊ ಮಾಡುವ ಜಾಲಿ ಬಾಯ್ ಜಾನ್ ಇದ್ದಾನೆ, ಇಬ್ಬರು ಪೊಲೀಸರಿದ್ದಾರೆ. ಐಸ್‌ಕ್ರೀಂ ವ್ಯಾನಿನೊಳಗೆ ಕಚ್ಚಾಡುವ ಅಣ್ಣತಮ್ಮಂದಿರಾದ ಪಾಲ್ ಮತ್ತು ವಾಲ್ಟರ್ ಇದ್ದಾರೆ. ನನಗೆ ಎಲ್ಲರಿಗಿಂತ ಹತ್ತಿರದವರು ಇವರಿಬ್ಬರೇ.

ಆ ವ್ಯಾನನ್ನು ಬರೀ ತಮಾಷೆಯ ವೇಷವೆಂದು ತಿಳಿದವರಿಗೆ ಗ್ಲಾಸ್ಗೋ ಗೊತ್ತಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿಯಿಂದ, ಅದರಲ್ಲೂ ಟಸ್ಕನಿಯ ಬಾರ್ಗಾ ಕಡೆಯಿಂದ, ಬದುಕು ಹುಡುಕಿಕೊಂಡು ಬಂದ ಕುಟುಂಬಗಳು ಈ ಊರಿಗೆ ಐಸ್‌ಕ್ರೀಂ ರುಚಿ ಹತ್ತಿಸಿದವು. ಎರಡನೇ ಮಹಾಯುದ್ಧದ ನಂತರ ನಗರದ ನಡುವಿನ ಕಿಕ್ಕಿರಿದ ಹಳೇ ವಠಾರಗಳನ್ನು ಕೆಡವಿ, ಜನರನ್ನು ಅಂಚಿನ ಈಸ್ಟರ್‌ಹೌಸ್, ಡ್ರಮ್‌ಚಾಪಲ್, ಕಾಸಲ್‌ಮಿಲ್ಕ್, ಪೊಲಕ್ ಬಡಾವಣೆಗಳಿಗೆ ಸಾಗಿಸಿದರು. ಹೊಸ ಮನೆಗಳಲ್ಲಿ ಸ್ನಾನದ ಕೋಣೆಯಿತ್ತು, ಗಾಳಿ ಬೆಳಕಿತ್ತು. ಆದರೆ ಹತ್ತಾರು ಸಾವಿರ ಜನರ ಬಡಾವಣೆಗೆ ಬೇಕಾದಷ್ಟು ಅಂಗಡಿಗಳನ್ನು ಕಟ್ಟಲು ಯೋಜಕರು ಮನಸ್ಸು ಮಾಡಲಿಲ್ಲ. ಈ ಅವಜ್ಞೆಯನ್ನು ನಾನು ಕ್ಷಮಿಸಲಾರೆ. ಪೇಟೆಗೆ ಬಸ್ಸು ಹತ್ತಿಯೇ ಹೋಗಬೇಕಾಗಿದ್ದ ತಾಯಂದಿರ ಮನೆ ಬಾಗಿಲಿಗೆ ಹಾಲು, ಬಿಸ್ಕತ್ತು, ಸಿಗರೇಟು ತಂದುಕೊಟ್ಟದ್ದು ಈ ವ್ಯಾನುಗಳು. ಬ್ರಿಟನ್ನಿನ ಕಾನೂನು ವ್ಯಾನಿನ ರಾಗಕ್ಕೂ ಗಡುವು ಹಾಕಿದೆ: ಮಧ್ಯಾಹ್ನ 12ಕ್ಕೆ ಮೊದಲು, ಸಂಜೆ 7ರ ನಂತರ ನುಡಿಸುವಂತಿಲ್ಲ.

ಇಷ್ಟು ವ್ಯಾಪಾರವಿದ್ದಲ್ಲಿ ಹಣದ ಆಸೆಗೆ ಬಿದ್ದವರು ಬಾರದಿರುತ್ತಾರೆಯೇ? 1980ರ ದಶಕದಲ್ಲಿ ಯಾವ ಬೀದಿ ಯಾರದು ಎಂಬ ಜಗಳ ಗಾಜು ಒಡೆಯುವುದರಿಂದ ಗುಂಡು ಹಾರಿಸುವವರೆಗೆ ಹೋಯಿತು. ಕೆಲವು ವ್ಯಾನುಗಳಲ್ಲಿ ಕದ್ದ ಮಾಲು, ಮಾದಕವಸ್ತು ಕೂಡ ಕೈ ಬದಲಾಗುತ್ತಿದ್ದವು. 1984ರ ಏಪ್ರಿಲ್‌ನಲ್ಲಿ ರಾಕೇಜಿ ಬಡಾವಣೆಯ ಮನೆಯೊಂದಕ್ಕೆ ಬೆಂಕಿಯಿಟ್ಟರು. ಒಂದೇ ಕುಟುಂಬದ 6 ಮಂದಿ ಸತ್ತರು. ಅವರಲ್ಲೊಬ್ಬ ತನ್ನ ಬೀದಿಯನ್ನು ಬಿಟ್ಟುಕೊಡಲು ಒಪ್ಪದ ಹದಿನೆಂಟರ ವ್ಯಾನ್ ಚಾಲಕ, ಇನ್ನೊಂದು ಹಸುಗೂಸು. ಶಿಕ್ಷೆಯಾದ ಇಬ್ಬರು ತಾವು ನಿರಪರಾಧಿಗಳೆಂದು ಹೋರಾಡುತ್ತಲೇ ಇದ್ದರು. 2004ರಲ್ಲಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ದುರಂತ ನಡೆದ ವರ್ಷವೇ ಬಿಲ್ ಫೋರ್ಸೈತ್ ಅವರ 'ಕಂಫರ್ಟ್ ಅಂಡ್ ಜಾಯ್' ಸಿನಿಮಾ ಬಂತು. ಐಸ್‌ಕ್ರೀಂ ವ್ಯಾಪಾರದ ಎರಡು ಬಣಗಳ ನಡುವೆ ಸಿಕ್ಕಿಬೀಳುವ ರೇಡಿಯೊ ನಿರೂಪಕನ ಕಥೆ ಅದು.

ಇಷ್ಟೆಲ್ಲ ನೆನಪು ಹೊತ್ತಿರುವ ವಾಹನವನ್ನು ಫ್ಲಾರೆನ್ಸ್ ಮತ್ತು ಕಾನೆಲ್ ಇಬ್ಬರು ಪೆದ್ದ ಅಣ್ಣತಮ್ಮಂದಿರ ಕೈಗೆ ಕೊಟ್ಟರು. ಇದು ನನ್ನ ಮಟ್ಟಿಗೆ ಆ ಸರಣಿಯ ಅತ್ಯಂತ ಅಂತಃಕರಣದ ಕೆಲಸ. ಭಯದ ಸುದ್ದಿಯಾಗಿ ಪತ್ರಿಕೆಗಳಲ್ಲಿ ಮೆರೆದ ವ್ಯಾನು ಅವರ ಕೈಯಲ್ಲಿ ಮತ್ತೆ ನೆರೆಹೊರೆಯ ವ್ಯಾನಾಯಿತು.

ಹೊರಗಿನವರಿಗೆ ಗೊತ್ತಿರುವುದು ಮಾತ್ರ ಲಿಫ್ಟಿನ ಪ್ರಹಸನ. ನಿಮ್ಮ ವಾಟ್ಸ್ಆ್ಯಪಿಗೂ ಅದು ಬಂದಿರಬಹುದು. ಗುಂಡಿಗಳೇ ಇಲ್ಲದ, ದನಿ ಕೇಳಿ ಚಲಿಸುವ ಲಿಫ್ಟಿಗೆ ಇಬ್ಬರು ಹತ್ತುತ್ತಾರೆ. ಹನ್ನೊಂದನೇ ಮಹಡಿ ಎನ್ನುತ್ತಾರೆ. ಅವರ ಉಚ್ಚಾರ ಯಂತ್ರಕ್ಕೆ ತಿಳಿಯದು; ಮತ್ತೊಮ್ಮೆ ಹೇಳಿ ಎನ್ನುತ್ತದೆ. ಇಂಗ್ಲಿಷರಂತೆ, ಅಮೆರಿಕನ್ನರಂತೆ ನಾಲಗೆ ಹೊರಳಿಸಿ ನೋಡುತ್ತಾರೆ. ಸಹನೆ ಕೆಟ್ಟು ಕೊನೆಗೆ ಸ್ಕಾಟ್ಲೆಂಡಿನ ಹೆಸರೆತ್ತಿ ಸ್ವಾತಂತ್ರ್ಯ ಘೋಷ ಕೂಗುತ್ತಾರೆ. ಇದು ಪ್ರಸಾರವಾದದ್ದು 2010ರಲ್ಲಿ. ಆ್ಯಪಲ್ ಕಂಪನಿ ಮಾತು ಕೇಳಿ ಉತ್ತರಿಸುವ ಸಹಾಯಕಿ 'ಸಿರಿ'ಯನ್ನು ಫೋನಿನೊಳಗೆ ಕೂರಿಸಿದ್ದು 2011ರ ಅಕ್ಟೋಬರ್‌ನಲ್ಲಿ. ಸ್ಕಾಟರ ಮಾತು ಸಿರಿಗೆ ಅರ್ಥವಾಗದೆ ಹೋದಾಗ ಜನ ಈ ಪ್ರಹಸನವನ್ನು ಮತ್ತೆ ಹುಡುಕಿ ಹಂಚಿದರು. ಧಾರವಾಡದ ಧಾಟಿಯಲ್ಲಿ ಫೋನಿಗೆ ಮಾತಾಡಿ ಸೋತವರಿಗೂ ಅದರ ನೋವು ಗೊತ್ತು.

ಪ್ರಹಸನ ಚೆನ್ನಾಗಿದೆ, ನೂರು ಸಲ ನೋಡಿದರೂ ನಗು ಬರುತ್ತದೆ. ಆದರೆ ಅದೊಂದನ್ನೇ ನೋಡಿ ಬರ್ನಿಸ್ಟೌನ್ ನೋಡಿದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಲಿಫ್ಟ್ ಜಗತ್ತಿನ ಯಾವ ಊರಿನ ಕಚೇರಿಯಲ್ಲಾದರೂ ಇರಬಹುದು. ವ್ಯಾನಿನ ಕಿಟಕಿಗೆ ಬಂದು ನಿಲ್ಲುವವರು ಬೇರೆಲ್ಲೂ ಇರಲಾರರು.

ಕಲ್ಪಿತ ಊರು ಕಟ್ಟುವುದು ಸ್ಕಾಟಿಷ್ ಟಿವಿ ಹಾಸ್ಯದಲ್ಲಿ ಹೊಸತೇನಲ್ಲ. 'ಆ್ಯಬ್ಸೊಲ್ಯೂಟ್ಲಿ' ಸರಣಿಗೆ ಸ್ಟೋನಿಬ್ರಿಜ್ ಇತ್ತು, 'ಸ್ಟಿಲ್ ಗೇಮ್'ಗೆ ಕ್ರೇಗ್ಲಾಂಗ್ ಇದೆ. ಕ್ರೇಗ್ಲಾಂಗಿನ ಅಂಗಡಿಯ ನವೀದ್ ಪಾತ್ರದಲ್ಲಿ ಸಂಜೀವ್ ಕೊಹ್ಲಿ ಗ್ಲಾಸ್ಗೋ ಮಾತನ್ನು ಆಡುವುದನ್ನು ಕೇಳುವುದೇ ಒಂದು ಸುಖ. ಬರ್ನಿಸ್ಟೌನ್ ಅವುಗಳಿಗಿಂತ ಒರಟು, ವೇಗವೂ ಹೆಚ್ಚು. ಲಂಡನ್ನಿನವರಿಗೆ ತಿಳಿಯಲೆಂದು ಅದು ಒಂದು ಮಾತನ್ನೂ ತಿದ್ದಿಕೊಳ್ಳಲಿಲ್ಲ. ಅದೇ ಜೋಡಿ ಮುಂದೆ ಮಾಡಿದ 'ದ ಸ್ಕಾಟ್ಸ್' ಒಂದೇ ಕುಟುಂಬದ ಸುತ್ತ ತಿರುಗುತ್ತದೆ. ನಗು ಅಲ್ಲೂ ಇದೆ. ನನಗೆ ಮಾತ್ರ ಇಡೀ ಊರೇ ಬೇಕು. ಮೊದಲ ಬಾರಿ ನೋಡುವವರು ಲಿಫ್ಟನ್ನು ಬದಿಗಿಟ್ಟು ಪಾಲ್ ಮತ್ತು ವಾಲ್ಟರ್ ಅವರಿಂದಲೇ ಶುರುಮಾಡಿ.