ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಲಿಂಕೇಜ್ ನೋಡಿ

ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಕಾರನ್ನು ನಮ್ಮ ವಯಸ್ಸಿನವರು ಹಳೆಯ ಸಿನಿಮಾಗಳಲ್ಲಿ ನೋಡಿರುತ್ತೇವೆ. ಇಲ್ಲವೇ ಯಾವುದೋ ಓಣಿಯಲ್ಲಿ ಟಾರ್ಪಾಲಿನ್ ಹೊದ್ದು ನಿಂತದ್ದನ್ನು ನೋಡಿರುತ್ತೇವೆ. ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಿಡರ್ ಎರಡೂ ಆ ಜಾತಿಯವು. ಇವುಗಳ ಮೇಲಿನ ಮಾಮೂಲಿ ದೂರು ಒಂದೇ: ಗೇರ್ ಬೀಳಲ್ಲ, ಬಿದ್ದರೆ ಬಿಡಲ್ಲ. ಸಿಗ್ನಲ್‌ನಲ್ಲಿ ಇಳಿದು, ಬಾನೆಟ್ ಎತ್ತಿ, ರಾಡ್ ಅಲ್ಲಾಡಿಸಿ ಮತ್ತೆ ಹೊರಟ ಕಥೆ ಇಂಥ ಕಾರಿದ್ದ ಬಹಳಷ್ಟು ಮನೆಗಳಲ್ಲಿ ಕೇಳಸಿಗುತ್ತದೆ.

ಹಲಸೂರಿನಲ್ಲಿರುವ ನಮ್ಮ ದೊಡ್ಡಪ್ಪನ ಪದ್ಮಿನಿಗೂ ಹೋದ ವರ್ಷ ಇದೇ ಕಾಯಿಲೆ ಬಂತು. ರಿವರ್ಸ್ ಬೀಳುತ್ತಲೇ ಇರಲಿಲ್ಲ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನೋಂದಣಿ ನವೀಕರಿಸಬೇಕು. ಆ ದಿನ ಹತ್ತಿರ ಬಂದಿತ್ತು. ಒಂದು ಗ್ಯಾರೇಜಿನವರು ‘ಗೇರ್‌ಬಾಕ್ಸ್ ಇಳಿಸಲೇಬೇಕು’ ಎಂದು ಹೇಳಿದ ಮೊತ್ತ ದೊಡ್ಡಪ್ಪನ ತಿಂಗಳ ಪಿಂಚಣಿಗಿಂತ ಎಷ್ಟೋ ಜಾಸ್ತಿ. ಮನೆಯಲ್ಲಿ ‘ಗುಜರಿಗೆ ಹಾಕಿಬಿಡಿ’ ಎಂಬ ಮಾತು ಶುರುವಾಯಿತು.

ನಾನಾಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದೆ. “ದೊಡ್ಡಪ್ಪ, ನನಗೆ ಎರಡು ಭಾನುವಾರ ಕೊಡಿ. ಆಗಲಿಲ್ಲ ಅಂದ್ರೆ ಗುಜರಿಗೆ ಹಾಕಿ” ಅಂದೆ. “ಕೆಡೋದಕ್ಕೆ ಇನ್ನೇನು ಉಳಿದಿದೆ, ನೋಡು ಮಗಾ” ಅಂದರು.

ಈ ಕಾರುಗಳಲ್ಲಿ ಲಿವರ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ. ನಡುವೆ ಸ್ಟೀರಿಂಗ್ ಕಂಬದ ಉದ್ದಕ್ಕೂ ಇಳಿಯುವ ಒಂದು ಶಾಫ್ಟ್, ಅದರ ಬುಡದಲ್ಲಿ ಚಿಕ್ಕ ತೋಳುಗಳು, ಅಲ್ಲಿಂದ ಗೇರ್‌ಬಾಕ್ಸ್‌ಗೆ ಹೋಗುವ ರಾಡ್‌ಗಳು. ಒಂದು ಚಲನೆ ಯಾವ ಸಾಲಿನ ಗೇರ್ ಎಂದು ಆರಿಸುತ್ತದೆ, ಇನ್ನೊಂದು ಆ ಗೇರನ್ನು ಹಾಕುತ್ತದೆ. ಪ್ರತಿ ಕೀಲಿನಲ್ಲೂ ಒಂದು ಬುಷ್. ಒಂದೊಂದು ಬುಷ್ ಕೂದಲೆಳೆಯಷ್ಟು ಸವೆದರೂ ಎಲ್ಲ ಸೇರಿ ಲಿವರ್ ತುದಿಯಲ್ಲಿ ಎರಡು ಬೆರಳಿನಷ್ಟು ಆಟ ಬರುತ್ತದೆ. ಮೇಲೆ ಕೈ ರಿವರ್ಸ್‌ವರೆಗೆ ಹೋಗಿರುತ್ತದೆ, ಕೆಳಗೆ ರಾಡ್ ಅಲ್ಲಿಯವರೆಗೆ ಹೋಗಿರುವುದೇ ಇಲ್ಲ.

ಆದ್ದರಿಂದ ಸ್ಪಾನರ್ ಹಿಡಿಯುವ ಮುಂಚೆ ಮೂರು ಪರೀಕ್ಷೆ. ಮೊದಲನೆಯದು, ಎಂಜಿನ್ ಆಫ್ ಇದ್ದಾಗ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಮಾಡಿದಾಗ ಮಾತ್ರ ಕರಕರ ಅಂದರೆ ಕ್ಲಚ್ ಕಡೆ ಅನುಮಾನ ಪಡಿ. ಎರಡನೆಯದು, ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಟಾರ್ಚ್ ಬಿಟ್ಟು ಒಂದೊಂದೇ ಕೀಲು ನೋಡಲಿ. ಈ ಕಡೆಯ ತೋಳು ಅಲ್ಲಾಡಿಯೂ ಆ ಕಡೆಯ ರಾಡ್ ಅಲ್ಲಾಡದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಮೂರನೆಯದು, ಗೇರ್‌ಬಾಕ್ಸ್ ತುದಿಯಲ್ಲಿ ರಾಡ್ ಕಳಚಿ, ಅಲ್ಲಿನ ಚಿಕ್ಕ ಲಿವರನ್ನು ಕೈಯಲ್ಲೇ ತಳ್ಳಿ. ಹಲ್ಲು ಕೂಡದಿದ್ದರೆ ಕಾರನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ಮತ್ತೆ ತಳ್ಳಿ. ದೊಡ್ಡಪ್ಪನ ಕಾರಿನಲ್ಲಿ ರಿವರ್ಸ್ ‘ಟಕ್’ ಎಂದು ಬಿತ್ತು! ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಕ್ಲೀನಿಂಗ್. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಮರದ ತುಂಡು. ಕಾರಿನ ಅಡಿಗೆ ಹೋಗುವುದಾದರೆ ಸ್ಟ್ಯಾಂಡ್ ಕಡ್ಡಾಯ, ಬರೀ ಜಾಕ್ ನಂಬಬೇಡಿ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ರಾಡ್‌ನ ಉದ್ದ ಹೊಂದಿಸುವ ಲಾಕ್ ನಟ್ ಎಲ್ಲಿದೆಯೋ ಅಲ್ಲಿಗೆ ಪೇಂಟ್ ಗುರುತು ಹಾಕಿ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರಕ್ಕೆ ಓಡಾಡುವ ಕಾರಿನ ಧೂಳು ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದು ಹಳೆಯ ಗ್ರೀಸ್ ಜತೆ ಸೇರಿ ಡಾಂಬರಿನಂತೆ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದು, ಡೀಸೆಲ್‌ನಲ್ಲಿ ಬ್ರಶ್ ಅದ್ದಿ ಉಜ್ಜಿ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದೆ. ಡೀಸೆಲ್ ತಾಗಿದರೆ ರಬ್ಬರ್ ಉಬ್ಬುತ್ತದೆ, ಅದಕ್ಕೆ ಸೋಪಿನ ನೀರು ಸಾಕು. ಕೊಳೆಯ ಮೇಲೇ ಹೊಸ ಗ್ರೀಸ್ ಮೆತ್ತಿದರೆ ಧೂಳು ಅದರೊಳಗೆ ಸೇರಿ ಉಪ್ಪುಕಾಗದದಂತೆ ಕೀಲನ್ನು ತಿನ್ನುತ್ತದೆ.

ಎರಡು ಬುಷ್ ಪುಡಿಯಾಗಿದ್ದವು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ 30ಕ್ಕೆ ರಸ್ತೆ ಬಿಟ್ಟವು. ಹಾಗಾಗಿ ಹಳೆಯ ಬುಷ್ ಜೇಬಿನಲ್ಲಿಟ್ಟುಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ವಯಸ್ಸಾದ ಒಬ್ಬ ಭಾಯಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, “ಒಂದು ಇದೆ ಬೇಟಾ, ಇನ್ನೊಂದು ಲೇಥ್‌ನಲ್ಲಿ ಮಾಡಿಸ್ಕೊ. ಪಿನ್ ಅಳತೆ ತಂದಿದೀಯಾ?” ಅಂದರು. ವರ್ನಿಯರ್‌ನಲ್ಲಿ ತೆಗೆದ ಅಳತೆ ಚೀಟಿಯಲ್ಲಿತ್ತು. ಚೀಟಿ ನೋಡಿ ಒಂದು ಟೀ ಕುಡಿಸಿದರು.

ಜೋಡಿಸುವಾಗ ಕೀಲುಗಳಿಗೆ ಲಿಥಿಯಂ ಗ್ರೀಸ್ ತೆಳುವಾಗಿ, ಶಾಫ್ಟ್ ತಿರುಗುವ ಜಾಗಕ್ಕೆ ನಾಲ್ಕು ಹನಿ ಎಂಜಿನ್ ಆಯಿಲ್, ರಬ್ಬರ್ ಇದ್ದ ಕಡೆ ಸಿಲಿಕಾನ್ ಗ್ರೀಸ್ ಹಾಕಿದೆ. ಎಂಜಿನ್ ಆಫ್ ಇಟ್ಟೇ ಇಪ್ಪತ್ತು ಸಲ ಎಲ್ಲ ಗೇರ್ ಹಾಕಿ ತೆಗೆದು, ಹೆಚ್ಚಾದ ಗ್ರೀಸ್ ಒರೆಸಿದೆ. ಎರಡನೇ ಭಾನುವಾರ ಸಂಜೆ ದೊಡ್ಡಪ್ಪ ತಾವೇ ಕಾರನ್ನು ಓಣಿಯಿಂದ ರಿವರ್ಸ್ ತೆಗೆದರು. ಆರ್‌ಟಿಒದಲ್ಲಿ ನವೀಕರಣವೂ ಆಯಿತು. ರಿಪೇರಿಯ ಒಟ್ಟು ಖರ್ಚು ಸಾವಿರ ರೂಪಾಯಿಯ ಒಳಗೆ.

ಈ ಕಾರಿಗೂ ನಮ್ಮ ಊರಿಗೂ ಒಂದು ನಂಟಿದೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು. ಇವತ್ತಿನ ಎಚ್‌ಎಎಲ್‌ನ ಮೂಲ ಅದು.

‘ಎಲೆಕ್ಟ್ರಿಕ್ ಕಾರಿನ ಕಾಲದಲ್ಲಿ ಈ ವಿದ್ಯೆ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲೂ ಒಂದು ತುದಿಯಿಂದ ಆದೇಶ ಹೊರಟು ಇನ್ನೊಂದು ತುದಿಯಲ್ಲಿ ಕೆಲಸ ಆಗಬೇಕು. ನಡುವೆ ಎಲ್ಲಿ ನಿಂತಿತು ಎಂದು ಹಂತ ಹಂತವಾಗಿ ಹುಡುಕುವವರು ಅಲ್ಲಿಗೂ ಬೇಕು. ಕೆಲಸ ಹುಡುಕುತ್ತಾ ಮನೆಯಲ್ಲಿರುವ ಗೆಳೆಯರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಕಾರು ನಿಂತಿದ್ದರೆ ಅದರ ಮಾಲೀಕರನ್ನು ಒಮ್ಮೆ ಮಾತಾಡಿಸಿ. ಟಾರ್ಚ್ ಹಿಡಿಯುವ ಕೈ ಅವರಿಗೂ ಬೇಕಾಗಿರುತ್ತದೆ.