ಬಾಲ್ಕನಿಯಲ್ಲಿ ಬಸಳೆ: ಮೊದಲ ಕುಂಡ ಇಡುವವರಿಗೆ



ಊರಿನಲ್ಲಿ ಬಾವಿಕಟ್ಟೆಯ ಪಕ್ಕದ ಚಪ್ಪರದಲ್ಲಿ ತಾನಾಗಿ ಹಬ್ಬುತ್ತಿದ್ದ ಬಸಳೆಗೆ ಇಲ್ಲಿ ದುಡ್ಡು ಕೊಡಬೇಕಲ್ಲ ಎಂದು ಗೊಣಗದ ಕರಾವಳಿಯವರು ಮುಂಬಯಿಯಲ್ಲಿ ಕಡಿಮೆ. ಬಸಳೆಗಾಗಿ ಮಾಟುಂಗದವರೆಗೆ ಹೋಗಿಬರುವ ಪುರುಸೊತ್ತಾದರೂ ಎಷ್ಟು ಜನರಿಗಿದೆ? ಮನೆಯಲ್ಲೇ ಬೆಳೆಯೋಣ ಎಂಬ ಆಸೆ ಹುಟ್ಟುವುದು ಹೀಗೆ. ಆದರೆ ಆಸೆ ಹುಟ್ಟಿದ ಕೂಡಲೇ ನಾವು ನರ್ಸರಿಗೆ ಹೋಗಿ ತರುವುದು ಟೊಮೆಟೊ ಸಸಿ! ಎಡವುವುದು ಅಲ್ಲೇ.

ಟೊಮೆಟೊ, ಬದನೆ, ಮೆಣಸಿನ ಗಿಡಗಳು ಚೆನ್ನಾಗಿ ಕಾಯಿ ಬಿಡಬೇಕಾದರೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಎದುರು ಕಟ್ಟಡದ ನೆರಳು ಬೀಳುವ ಬಾಲ್ಕನಿಯಲ್ಲಿ ಅವು ಸೊರಗಿ ಉದ್ದವಾಗುತ್ತವೆ, ಹೂ ಉದುರಿಸುತ್ತವೆ. ಎರಡು ತಿಂಗಳು ಕಾದು, 'ನನ್ನ ಕೈಗುಣ ಸರಿಯಿಲ್ಲ' ಎಂದು ಕುಂಡವನ್ನು ಮೂಲೆಗೆ ತಳ್ಳಿದವರು ಬಹಳ. ಕೈಗುಣದ ಮಾತಲ್ಲ ಇದು, ಬಿಸಿಲಿನ ಲೆಕ್ಕ. ಸೊಪ್ಪಿಗೆ 3-4 ಗಂಟೆಯ ಬಿಸಿಲಿದ್ದರೂ ನಡೆಯುತ್ತದೆ. ಒಂದು ಭಾನುವಾರ ನಿಮ್ಮ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಬರೆದಿಡಿ. ಕುಂಡ ಕೊಳ್ಳುವುದು ಆಮೇಲೆ.

ಬಸಳೆಗೆ ಬೀಜ ಹುಡುಕಬೇಕಾಗಿಲ್ಲ. ಮುಂಬಯಿ, ಪುಣೆಯಲ್ಲಿ ಮಾಯಾಳು ಎಂದು ಕೇಳಿ. ಹೈದರಾಬಾದಿನಲ್ಲಿ ಬಚ್ಚಲಿ, ಚೆನ್ನೈಯಲ್ಲಿ ಪಸಲೈ, ದೆಹಲಿಯಲ್ಲಿ ಪೋಯಿ. ತಂದ ಕಟ್ಟಿನಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಎರಡು ದಂಟು ಪಕ್ಕಕ್ಕಿಡಿ. ಉಳಿದದ್ದು ಸಾರಿಗೆ ಹೋಗಲಿ. ದಂಟಿನ ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟರಾಯಿತು. ಬುಡ ಯಾವುದು, ತುದಿ ಯಾವುದು ಎಂದು ನೋಡಿಕೊಳ್ಳಿ, ತಲೆಕೆಳಗಾಗಿ ನೆಡುವವರೂ ಇದ್ದಾರೆ! ಎರಡು ವಾರದೊಳಗೆ ಸಾಮಾನ್ಯವಾಗಿ ಚಿಗುರು ಕಾಣುತ್ತದೆ. ಹಬ್ಬಲು ಕಿಟಕಿಯ ಗ್ರಿಲ್ಲೋ ಒಂದು ಹಗ್ಗವೋ ಸಾಕು.

ಕುಂಡ ಒಂದಡಿ ಆಳವಿರಲಿ. ಹಳೆಯ ಬಕೆಟ್ ಆದರೂ ಸರಿ, ತಳದಲ್ಲಿ ನಾಲ್ಕೈದು ತೂತು ಬೇಕೇ ಬೇಕು. ಮಣ್ಣು, ಹಳೆಯ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ. ಬರೀ ಮಣ್ಣು ತುಂಬಿದರೆ ಗಟ್ಟಿಯಾಗುತ್ತದೆ, ಭಾರವೂ ಹೆಚ್ಚು. ಏನೇ ಆದರೂ ಕುಂಡವನ್ನು ಕಟಾಂಜನದ ಹೊರಗೆ ಮಾತ್ರ ಇಡಬೇಡಿ. ಕೆಳಗೆ ಜನ ಓಡಾಡುತ್ತಾರೆ.

ಇನ್ನು ನೀರು. ಹೊಸಬರ ಗಿಡಗಳು ನೀರಿಲ್ಲದೆ ಒಣಗುವುದಕ್ಕಿಂತ ನೀರು ಹೆಚ್ಚಾಗಿ ಬೇರು ಕೊಳೆಯುವುದೇ ಜಾಸ್ತಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಕುಂಡದಡಿ ತಟ್ಟೆ ಇಡಿ, ಇಲ್ಲದಿದ್ದರೆ ಕೆಳಗಿನ ಮನೆಯವರ ಒಣಗಿದ ಬಟ್ಟೆಯ ಮೇಲೆ ಕೆಸರು ನೀರು ಬಿದ್ದು, ವಿಷಯ ಸೊಸೈಟಿ ಮೀಟಿಂಗಿಗೆ ಹೋದೀತು. ಆ ತಟ್ಟೆಯಲ್ಲಿ ನಿಂತ ನೀರನ್ನು ಅಂದೇ ಚೆಲ್ಲಿ. ಡೆಂಗೂ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಲ್ಲೇ.

ಮಳೆಗಾಲದಲ್ಲಿ ಎಲೆಯ ಮೇಲೆ ಕೆಂಪು ಅಂಚಿನ, ನಡುವೆ ಬಿಳುಪಾದ ಚುಕ್ಕೆ ಕಂಡರೆ ಅದು ಶಿಲೀಂಧ್ರ ರೋಗ. ಆ ಎಲೆಗಳನ್ನು ಕಿತ್ತು ಕಸಕ್ಕೆ ಹಾಕಿ, ನೀರನ್ನು ಬುಡಕ್ಕಷ್ಟೇ ಹಾಕಿ. ಗಿಡಹೇನಿಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರವ ಸೇರಿಸಿ ಸಂಜೆ ಸಿಂಪಡಿಸಿ.

ಬಸಳೆ ಹಬ್ಬುವವರೆಗೆ ಕಾಯಲಾಗದವರು ಅಡುಗೆಮನೆಯ ಡಬ್ಬಿಯಿಂದಲೇ ಒಂದು ಹಿಡಿ ಮೆಂತ್ಯ ತೆಗೆದು ರಾತ್ರಿ ನೆನೆಸಿ, ಅಗಲವಾದ ಟ್ರೇಯಲ್ಲಿ ಬಿತ್ತಿ. ನಾಲ್ಕೈದು ದಿನದಲ್ಲಿ ಮೊಳಕೆ, ತಿಂಗಳೊಳಗೆ ಸೊಪ್ಪು. ದೆಹಲಿಯವರು ಮೆಂತ್ಯವನ್ನು ಅಕ್ಟೋಬರಿನಲ್ಲಿ ಬಿತ್ತಿದರೆ ಒಳ್ಳೆಯದು. ಬಸಳೆಗೆ ಅಲ್ಲಿನ ಚಳಿ ಆಗದು, ಮಾರ್ಚ್‌ವರೆಗೆ ಕಾಯಿರಿ. ಚೆನ್ನೈ, ಹೈದರಾಬಾದಿನವರು ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಂದು ಹಳೆಯ ಪಂಚೆ ಅಡ್ಡ ಕಟ್ಟಿದರೆ ಸಾಕು.