ಕಿಲ್ನ್ ಉರಿಗೆ ಎಷ್ಟು ಗಾಳಿ?

ಸಿಮೆಂಟ್ ಕಿಲ್ನ್‌ನಲ್ಲಿ ಸುಣ್ಣದಕಲ್ಲಿನ ಪುಡಿ ಬೆಂದು ಕ್ಲಿಂಕರ್ ಆಗಬೇಕಾದರೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಅದನ್ನು ಕಾಯಿಸುವ ಉರಿ 2000 ಡಿಗ್ರಿಯ ಆಸುಪಾಸು ಇರಬೇಕು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯಂಥ ಕಾರ್ಖಾನೆಗಳಲ್ಲಿ ಈ ಉರಿಗೆ ಮುಖ್ಯ ಇಂಧನ ನುಣ್ಣಗೆ ಅರೆದ ಕಲ್ಲಿದ್ದಲು ಅಥವಾ ಪೆಟ್‌ಕೋಕ್.

ಒಂದು ಕಿಲೋ ಇಂಗಾಲ ಪೂರ್ತಿ ಉರಿಯಲು ಸುಮಾರು 11.5 ಕಿಲೋ ಗಾಳಿ ಬೇಕು. ಅದರಲ್ಲಿ ಕೆಲಸಕ್ಕೆ ಬರುವ ಆಮ್ಲಜನಕ 2.7 ಕಿಲೋದಷ್ಟು, ಮಿಕ್ಕಿದ್ದು ಹೆಚ್ಚೂಕಡಿಮೆ ಸಾರಜನಕವೇ. ಅದು ಉರಿಗೆ ಏನನ್ನೂ ಕೊಡದೆ ತನ್ನ ಪಾಲಿನ ಬಿಸಿಯನ್ನು ಹೀರಿಕೊಂಡು ಚಿಮಣಿಯತ್ತ ಸಾಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಮಿಗುವ ಆಮ್ಲಜನಕದ ಕಥೆಯೂ ಅಷ್ಟೇ. ಹುಟ್ಟುವ ಶಾಖ ಹೆಚ್ಚುವುದಿಲ್ಲ, ಅದನ್ನು ಹಂಚಿಕೊಳ್ಳುವ ಅನಿಲ ಹೆಚ್ಚುತ್ತದೆ. ತಣ್ಣನೆಯ ಗಾಳಿ ಇಮ್ಮಡಿಯಾದರೆ ಅನಿಲದ ತೂಕ 12.5 ಕಿಲೋದಿಂದ 24ಕ್ಕೆ ಏರಿ, ಉರಿಯ ತಾಪ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಹಾಗೆಂದು ಲೆಕ್ಕಕ್ಕೆ ಸರಿಯಾಗಿ ಗಾಳಿ ಬಿಟ್ಟರೆ ಸಾಲದು. ಪುಡಿಯ ಪ್ರತಿ ಕಣಕ್ಕೂ ಹೊತ್ತಿಗೆ ಸರಿಯಾಗಿ ಆಮ್ಲಜನಕ ಸಿಗುವುದಿಲ್ಲ. ಸಿಗದ ಕಡೆ ಇಂಗಾಲ ಕಾರ್ಬನ್ ಮೊನಾಕ್ಸೈಡ್ ಆಗಿಯೇ ಉಳಿಯುತ್ತದೆ. ಪೂರ್ತಿ ಉರಿದರೆ ಕಿಲೋಗೆ ಸುಮಾರು 33 ಮೆಗಾಜೌಲ್ ಕೊಡುವ ಇಂಗಾಲ, ಅಲ್ಲಿಗೇ ನಿಂತರೆ ಕೊಡುವುದು 9 ಮಾತ್ರ. ಸಾಲದ್ದಕ್ಕೆ ಈ ಅನಿಲ ದೂಳು ಹಿಡಿಯುವ ಇಎಸ್‌ಪಿಯಲ್ಲಿ ಕಿಡಿ ತಗಲಿ ಸ್ಫೋಟಿಸಲೂಬಹುದು. ಹಾಗಾಗಿ ತುಸು ಗಾಳಿಯನ್ನು ಹೆಚ್ಚಾಗಿಯೇ ಬಿಡುತ್ತಾರೆ. ಹೊರಹೋಗುವ ಅನಿಲದಲ್ಲಿ ಶೇ 2ರಷ್ಟು ಆಮ್ಲಜನಕ ಕಂಡರೆ ಹೆಚ್ಚುವರಿ ಗಾಳಿ ಶೇ 10ರ ಹತ್ತಿರ ಇದೆ ಎಂದರ್ಥ.

ಆದರೆ ಗಾಳಿ ಎಲ್ಲಿಂದ ಬಂತು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಬರ್ನರ್ ಕೊಳವೆಯಲ್ಲಿ ಬರುವ ಪ್ರೈಮರಿ ಗಾಳಿಯ ಪಾಲು ಸಣ್ಣದು. ದೊಡ್ಡ ಪಾಲು ಸೆಕೆಂಡರಿ ಗಾಳಿಯದು. ಅದು ಕೂಲರ್‌ನಲ್ಲಿ ಕೆಂಪಗೆ ಕಾದ ಕ್ಲಿಂಕರನ್ನು ತಣಿಸುತ್ತ ತಾನು 1000 ಡಿಗ್ರಿಯಷ್ಟು ಕಾದು ಕಿಲ್ನ್‌ಗೆ ನುಗ್ಗುತ್ತದೆ. ಕಿಲ್ನ್ ಬಾಯಿಯ ಸೀಲ್ ಸವೆದು ಸಂದು ಬಿಟ್ಟರೆ, ಒಳಗಿನ ಒತ್ತಡ ಕಡಿಮೆಯಿರುವುದರಿಂದ ಹೊರಗಿನ ತಣ್ಣನೆಯ ಗಾಳಿ ಒಳಸೇರಿ ಆ ಬಿಸಿ ಗಾಳಿಯ ಜಾಗ ಹಿಡಿಯುತ್ತದೆ. ಕಂಟ್ರೋಲ್ ರೂಮಿನ ಪರದೆಯಲ್ಲಿ ಆಮ್ಲಜನಕ ಅದೇ ಶೇ 2. ಉರಿ ಮಾತ್ರ ಮಂಕಾಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಕ್ಲಿಂಕರ್‌ನಲ್ಲಿ ಕೂಡಿಕೊಳ್ಳದ ಸುಣ್ಣ ಹೆಚ್ಚುತ್ತದೆ. ಆಗ ಕಲ್ಲಿದ್ದಲು ಏರಿಸುವುದಕ್ಕಿಂತ ಸೀಲ್ ನೋಡುವುದು ಮೇಲು.

ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದ ಬಾಯ್ಲರ್‌ಗೆ ಇಷ್ಟು ಬಿಸಿಯ ಉರಿ ಬೇಡ. ಅಷ್ಟು ಬಿಸಿಯಾದರೆ ಬೂದಿ ಕರಗಿ ಗೋಡೆಯ ಕೊಳವೆಗಳಿಗೆ ಅಂಟುತ್ತದೆ. ಅಲ್ಲಿ ಹೆಚ್ಚುವರಿ ಗಾಳಿ ಸಾಮಾನ್ಯವಾಗಿ ಶೇ 20ರ ಆಸುಪಾಸು. ಅದನ್ನೂ ಮೀರಿಸಿದರೆ ಒಂದು ಸೋಜಿಗ: ಉರಿ ತಣಿದರೂ ಉಗಿಯ ತಾಪ ಏರಬಹುದು. ಗೋಡೆಯ ಕೊಳವೆಗಳಿಗೆ ವಿಕಿರಣದಿಂದ ಸಿಗುವ ಶಾಖ ತಗ್ಗುತ್ತದೆ, ಹಾಗೆ ಮಿಕ್ಕ ಶಾಖವನ್ನು ಹೆಚ್ಚಿದ ಅನಿಲ, ಉಗಿಯನ್ನು ಮತ್ತಷ್ಟು ಕಾಯಿಸುವ ಮುಂದಿನ ಸೂಪರ್‌ಹೀಟರ್‌ಗೆ ಒಯ್ಯುತ್ತದೆ. ಆಗ ಉಗಿಯ ತಾಪ ಮಿತಿ ಮೀರದಂತೆ ಅದಕ್ಕೆ ನೀರು ಸಿಂಪಡಿಸಬೇಕಾಗುತ್ತದೆ.